ಸಂಜೆ ಆರರ ಗೇಟು: ಕೋಟೆ–ಹುಣಸೂರು ಸೀಮೆಯ ಲಾರಿ ದಾರಿಗಳು

ಮೈಸೂರಿನಿಂದ ನೈರುತ್ಯಕ್ಕೆ ಹೊರಟ ರಸ್ತೆ ಹಂಪಾಪುರ ದಾಟಿ ಹೆಗ್ಗಡದೇವನಕೋಟೆಯ ಪಕ್ಕದ ಹ್ಯಾಂಡ್‌ಪೋಸ್ಟ್‌ಗೆ ಬಂದು ಕವಲಾಗುತ್ತದೆ. ಸರಗೂರು, ಕೋಟೆ ಪಟ್ಟಣ, ಅಂತರಸಂತೆಗಳ ಕಡೆಗೆ ದಾರಿ ಒಡೆಯುವುದು ಇಲ್ಲಿಯೇ. ಅಂತರಸಂತೆಯ ಮೇಲೆ ಹಾದುಹೋಗುವ ದಾರಿ ನಾಗರಹೊಳೆ ಕಾಡನ್ನು ಹೊಕ್ಕು, ಬಳ್ಳೆ ಆನೆ ಶಿಬಿರವನ್ನು ಹಾದು, ಬಾವಲಿಯಲ್ಲಿ ಕೇರಳ ಸೇರಿ ಮಾನಂದವಾಡಿ ಮುಟ್ಟುತ್ತದೆ. ಉತ್ತರದಲ್ಲಿ ಇದಕ್ಕೆ ಜೋಡಿಯಾಗಿ ಹುಣಸೂರಿನಿಂದ ಹೊರಡುವ ಇನ್ನೆರಡು ದಾರಿಗಳಿವೆ. ಒಂದು ವೀರನಹೊಸಹಳ್ಳಿ, ನಾಗರಹೊಳೆಗಳ ಮೂಲಕ ಕುಟ್ಟಕ್ಕೆ ಹೋಗುತ್ತದೆ. ಇನ್ನೊಂದು ಪಂಚವಳ್ಳಿ, ಆನೆಚೌಕೂರು, ತಿತಿಮತಿಗಳ ಮೂಲಕ ಗೋಣಿಕೊಪ್ಪಲಿಗೆ ಹೋಗುತ್ತದೆ. ಮೂರೂ ದಾರಿಗಳು ಒಂದೇ ಕಾಡಿನ ಮೈಮೇಲೆ ಎಳೆದ ಗೆರೆಗಳು. ಈ ಗೆರೆಗಳ ಮೇಲೆ ಯಾವ ಗಾಡಿ, ಯಾವ ಹೊರೆ ಹೊತ್ತು, ಯಾವ ಹೊತ್ತಿನಲ್ಲಿ ಓಡಬಹುದು ಎಂಬ ತೀರ್ಮಾನ ಒಂದೊಂದು ಕಾಲದಲ್ಲಿ ಒಂದೊಂದು ಕಚೇರಿಯ ಕೈಯಲ್ಲಿತ್ತು. ಒಂದೊಂದು ಕಚೇರಿಯೂ ತನಗೆ ಬೇಕಾದುದನ್ನು ಮಾತ್ರ ಎಣಿಸಿತು.

ಸಾಗಾಟ ಈ ಸೀಮೆಗೆ ಹೊಸದಲ್ಲ. ಹುಣಸೂರು ಬೆಳೆದದ್ದೇ ಹೊರೆ ಎಳೆಯುವ ದನಗಳಿಂದ. ಮೈಸೂರಿನ ಅರಸರು, ಅವರ ನಂತರ ಹೈದರ್ ಮತ್ತು ಟಿಪ್ಪು ಸಾಕಿ ಬೆಳೆಸಿದ ಅಮೃತಮಹಲ್ ತಳಿ ಫಿರಂಗಿ ಎಳೆಯುವುದಕ್ಕೆ ಹೆಸರಾಗಿತ್ತು. 1799ರ ನಂತರ ಬ್ರಿಟಿಷ್ ಸೈನ್ಯ ಆ ದನಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹುಣಸೂರು ಅದರ ಮುಖ್ಯ ಠಾಣ್ಯವಾಯಿತು. ಸೈನ್ಯಕ್ಕೆ ಸರಕು ಒದಗಿಸುವ ಇಲಾಖೆಯ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ನೆಯ್ಗೆ, ಮರದ ಅಂಗಳಗಳು 19ನೇ ಶತಮಾನದ ಮಧ್ಯದವರೆಗೆ ಇಲ್ಲಿ ನಡೆದವು. ಖರ್ಚು ಹೆಚ್ಚೆಂದು 1860ರಲ್ಲಿ ದನಗಳ ಮಂದೆಗಳನ್ನು ಮಾರಿ ಚದುರಿಸಿದ ಸರ್ಕಾರ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಸೈನ್ಯದ ಕಾರ್ಖಾನೆಗಳು ಮುಚ್ಚಿದ ಮೇಲೂ ಕೆಲಸ ಕಲಿತ ಕೈಗಳು ಊರಿನಲ್ಲಿ ಉಳಿದವು. ಹುಣಸೂರಿನ ಗಾಡಿಗಳಿಗೆ ಸುತ್ತಲ ಸೀಮೆಯಲ್ಲಿ ಒಳ್ಳೆಯ ಹೆಸರಿತ್ತು. ಕೊಡಗಿನ ಕಾಫಿ ಗಟ್ಟ ಇಳಿದು ಹದಗೊಳ್ಳಲು ಬರುತ್ತಿದ್ದುದೂ ಈ ಊರಿಗೇ.

ಗಾಡಿಗಳ ಆ ಕಾಲದಲ್ಲಿ ಕಾಡಿನ ದಾರಿಗೆ ತಡೆ ಹಾಕುವ ಪ್ರಶ್ನೆ ಏಳಲಿಲ್ಲ. ಕತ್ತಲಾದರೆ ಗಾಡಿಯವರೇ ನೊಗ ಇಳಿಸಿ ಬೆಂಕಿ ಹಾಕಿಕೊಂಡು ಕೂರುತ್ತಿದ್ದರು. ಅರಣ್ಯ ಇಲಾಖೆ ಬೆಳೆದಂತೆ ಮೊದಲು ಬಂದ ಕಟ್ಟಳೆ ರಹದಾರಿಯದು. ಕಡಿದ ದಿಮ್ಮಿಗೆ ಇಲಾಖೆಯ ಸುತ್ತಿಗೆಯ ಗುರುತು ಬಿದ್ದಿರಬೇಕು, ಹೊರೆಯ ಜೊತೆ ಚೀಟಿ ಇರಬೇಕು, ಚೀಟಿಯಲ್ಲಿ ಬರೆದ ಅಳತೆ ಗಾಡಿಯಲ್ಲಿರುವ ಮರಕ್ಕೆ ಹೊಂದಬೇಕು. ಕಾಡಂಚಿನ ಚೌಕಿಗಳು ಹುಟ್ಟಿದ್ದು ಇದಕ್ಕಾಗಿ. ಸರ್ಕಾರದ ಮರ ಕಳವಾಗದಂತೆ ನೋಡಿಕೊಳ್ಳುವುದಷ್ಟೇ ಅವುಗಳ ಕೆಲಸ. ಗಾಡಿಯ ಸದ್ದಾಗಲಿ, ಸಂಚಾರವಾಗಲಿ ಕಾಡಿಗೆ ಏನು ಮಾಡುತ್ತದೆಂದು ಯಾರೂ ಕೇಳಲಿಲ್ಲ.

ಲಾರಿ ಬಂದಾಗಲೂ ಚೌಕಿಯ ಕೆಲಸ ಬದಲಾಗಲಿಲ್ಲ, ಹೊರೆ ಮಾತ್ರ ಹೆಚ್ಚಿತು. ಕಾಕನಕೋಟೆ, ಕಲ್ಲಹಳ್ಳ, ನಾಗರಹೊಳೆಗಳ ತೇಗ, ಬೀಟೆ, ಹೊನ್ನೆ ಮರಗಳಿಗೆ ಬೇಡಿಕೆ ಏರುತ್ತಲೇ ಇತ್ತು. ಖೆಡ್ಡಾದಲ್ಲಿ ಹಿಡಿದು ಪಳಗಿಸಿದ ಆನೆಗಳು ದಿಮ್ಮಿ ಎಳೆದು ತಂದು ರಸ್ತೆ ಬದಿಯಲ್ಲಿ ಒಟ್ಟುತ್ತಿದ್ದವು. ಹಣೆ ಮತ್ತು ದಂತದಿಂದ ತಳ್ಳಿ ಲಾರಿಗೆ ಏರಿಸುವ ಕೆಲಸವೂ ಅವುಗಳದೇ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಹುಣಸೂರಿನಲ್ಲಿ ಮರದ ಡಿಪೊ, ಸಾಮಿಲ್ಲು, ಪ್ಲೈವುಡ್ ಉದ್ಯಮಗಳು ಕೂಡಿಕೊಂಡು ಊರಿನ ಒಂದು ಪಾಲು ಮರದ ಲಾರಿಗಳ ಮೇಲೇ ಬದುಕಿತು. ಕಾಡಿನ ಒಳಗೆ ಲಾರಿ ಓಡಿಸಿದ ಮೊದಲಿಗ ಕೇರಳದ ವ್ಯಾಪಾರಿಯಲ್ಲ, ಅರಣ್ಯ ಇಲಾಖೆಯೇ. ಮುಂದೆ ಎದ್ದ ವಾದಗಳಲ್ಲಿ ಈ ಸಂಗತಿ ಯಾರ ಬಾಯಲ್ಲೂ ಹೆಚ್ಚು ಬರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಬಗೆಯ ಲಾರಿ ಹೆಚ್ಚತೊಡಗಿತು. ಕಾಡಿನಿಂದ ಏನನ್ನೂ ಒಯ್ಯದೆ ಅದನ್ನು ದಾಟಿ ಹೋಗುವ ಲಾರಿ ಅದು. 1956ರ ಪುನರ್ವಿಂಗಡಣೆಯಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ, ಮಲಬಾರಿನ ವಯನಾಡು ಕೇರಳಕ್ಕೆ ಸೇರಿದವು. ಗಟ್ಟದ ಕೆಳಗಿನ ಊರುಗಳಿಗೆ ಅಕ್ಕಿ, ತರಕಾರಿ, ದನ, ಇಟ್ಟಿಗೆ ಈ ಕಡೆಯಿಂದ ಹೋಗಬೇಕಿತ್ತು. ಗಾಡಿಗೆ ಪರ್ಮಿಟ್ ಕೊಡುವುದು ಸಾರಿಗೆ ಪ್ರಾಧಿಕಾರ. ಅದು ನೋಡುತ್ತಿದ್ದುದು ತೆರಿಗೆ, ತೂಕ, ಪೈಪೋಟಿಗಳನ್ನು. 1975ರಲ್ಲಿ ರಾಷ್ಟ್ರೀಯ ಪರ್ಮಿಟ್ ಬಂದ ಮೇಲೆ ರಾಜ್ಯದ ಗಡಿ ಲಾರಿಗೆ ಇನ್ನಷ್ಟು ತೆಳುವಾಯಿತು. ಆ ವರ್ಷ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಮುಂದೆ ರಾಜ್ಯದ ಟ್ರಕ್ ಟರ್ಮಿನಲ್‌ಗಳನ್ನು ನಡೆಸುವ ಸರ್ಕಾರಿ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು.

ಕಾಡಿನ ಸ್ಥಾನಮಾನ ಬದಲಾದದ್ದು ನಿಧಾನವಾಗಿ. ನಾಗರಹೊಳೆಯ ಕೊಡಗಿನ ಭಾಗ 1955ರಲ್ಲಿ ಅಭಯಾರಣ್ಯವಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೈಸೂರಿನ ಕಾಡುಗಳನ್ನೂ ಸೇರಿಸಿಕೊಂಡ ಸುಮಾರು 643 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ 1988ರಲ್ಲಿ ಹೊರಟಿತು, ಹುಲಿ ಯೋಜನೆಯ ವ್ಯಾಪ್ತಿಗೆ ನಾಗರಹೊಳೆ ಸೇರಿದ್ದು 1999ರಲ್ಲಿ. ಕಾಡು ಹೀಗೆ ಮೆಟ್ಟಿಲೇರುತ್ತಿದ್ದ ನಡುವೆಯೇ, 1974ರಲ್ಲಿ, ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದು ಕಾಕನಕೋಟೆಯ ತಗ್ಗು ಪ್ರದೇಶ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ಒಳಗಾಡಿನ ಹೊಂಡಗಳು ಬತ್ತಿದಾಗ ಆನೆ, ಕಾಟಿ, ಜಿಂಕೆಗಳು ಹಿನ್ನೀರಿನ ಬಯಲಿಗೆ ಇಳಿಯುವುದು ರೂಢಿಯಾಯಿತು. ಮಾನಂದವಾಡಿ ರಸ್ತೆ ಬಿದ್ದಿರುವುದು ಕಾಡಿಗೂ ಆ ನೀರಿಗೂ ನಡುವೆ. ಹಗಲು ಮೇವು, ಇರುಳು ನೀರು ಎಂದು ಓಡಾಡುವ ಪ್ರಾಣಿಗೆ ಈ ಡಾಂಬರು ದಾರಿಯನ್ನು ದಾಟದೆ ಗತಿಯಿಲ್ಲ. ಕಬಿನಿ ಕಟ್ಟಿದವರು ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಗ ಅಂಥ ಲೆಕ್ಕ ಕೇಳುವ ಕಾನೂನೂ ಇರಲಿಲ್ಲ.

ಕಾನೂನು ಬಂದಾಗಲೂ ಅದು ಹಳೆಯ ರಸ್ತೆಯನ್ನು ಮುಟ್ಟಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕಾಡಿನ ನೆಲವನ್ನು ಬೇರೆ ಕೆಲಸಕ್ಕೆ ಬಳಸುವ ಮುನ್ನ ಕೇಂದ್ರದ ಒಪ್ಪಿಗೆ ಕೇಳಿತು. 1994ರ ಮತ್ತು 2006ರ ಪರಿಸರ ಪರಿಣಾಮ ಅಧಿಸೂಚನೆಗಳು ಹೊಸ ಯೋಜನೆಗಳಿಗೆ ಅಧ್ಯಯನ, ಸಾರ್ವಜನಿಕ ಅಹವಾಲು, ಪರಿಶೀಲನಾ ಸಮಿತಿ ಎಂಬ ಹಂತಗಳನ್ನು ತಂದವು. ಹೆದ್ದಾರಿ ಅಗಲ ಮಾಡುವುದಾದರೆ, ಕಾರ್ಖಾನೆ ಕಟ್ಟುವುದಾದರೆ ಈ ಬಾಗಿಲುಗಳನ್ನು ತಟ್ಟಬೇಕು. ಆದರೆ ಇದ್ದ ರಸ್ತೆಯ ಮೇಲೆ ನಿನ್ನೆ ಹತ್ತು ಲಾರಿ ಓಡಿ ಇಂದು ಇನ್ನೂರು ಓಡಿದರೆ ಅದು ಯಾವ ಯೋಜನೆಯೂ ಅಲ್ಲ. ಅದಕ್ಕೆ ಅರ್ಜಿಯೂ ಇಲ್ಲ, ಅಹವಾಲೂ ಇಲ್ಲ. ಮಹಾರಾಷ್ಟ್ರ–ಮಧ್ಯಪ್ರದೇಶ ಗಡಿಯ ಪೆಂಚ್ ಕಾಡಿನಲ್ಲಿ ಹೆದ್ದಾರಿ 44ರ ಅಡಿಯಲ್ಲಿ ಪ್ರಾಣಿಗಳಿಗೆಂದು 750 ಮೀಟರ್‌ವರೆಗಿನ ಕೆಳದಾರಿಗಳು ಬಂದದ್ದು ಅಲ್ಲಿ ರಸ್ತೆ ಅಗಲ ಮಾಡಬೇಕಾಗಿ ಬಂದುದರಿಂದ. ಅಗಲ ಮಾಡದೆ ಬಿಟ್ಟ ರಸ್ತೆ ಪರಿಶೀಲನೆಯಿಂದಲೂ ತಪ್ಪಿಸಿಕೊಳ್ಳುತ್ತದೆ.

1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರ ಕಡಿತ ಮತ್ತು ಸಾಮಿಲ್ಲುಗಳ ಮೇಲೆ ಬಿಗಿ ಹಾಕಿತು. ಕಾಡಿನಿಂದ ಹೊರಬರುವ ದಿಮ್ಮಿ ಲಾರಿ ವಿರಳವಾಯಿತು, ಕಾಡು ದಾಟುವ ಸರಕಿನ ಲಾರಿ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚಿತು. ವಯನಾಡಿನ ಬೆಳೆಗಾರರು ಕೋಟೆ, ಹುಣಸೂರು ತಾಲ್ಲೂಕುಗಳಲ್ಲಿ ಗುತ್ತಿಗೆ ಜಮೀನು ಹಿಡಿದು ಶುಂಠಿ ಬೆಳೆಯತೊಡಗಿದ ಮೇಲೆ ಗದ್ದೆ ಬದುವಿನಿಂದಲೇ ಲೋಡು ಏಳತೊಡಗಿತು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಲಾರಿಗಳದು ಬೇರೆ ಲೆಕ್ಕ. ಸೊಪ್ಪು ಹದಗೊಳಿಸುವ ಬ್ಯಾರನ್‌ಗಳಿಗೆ ಸೌದೆ ಹೊತ್ತು ಬರುವ ಲಾರಿ ಒಂದು ಕಡೆ, ಹರಾಜು ಕಟ್ಟೆಯಿಂದ ಬೇಲ್ ಹೊತ್ತು ಹೋಗುವ ಲಾರಿ ಇನ್ನೊಂದು ಕಡೆ. ಅವು ಕಾಡು ದಾಟುವುದಿಲ್ಲ, ಆದರೂ ಸೌದೆಯ ಬೇಡಿಕೆ ಸುತ್ತಲ ಮರಗಳ ಮೇಲೇ ಬೀಳುತ್ತದೆ.

ಹಳೆಯ ರಸ್ತೆಯ ಸಂಚಾರವನ್ನು ಪರಿಶೀಲನೆಯಿಂದ ಹೊರಗೆ ಬಿಟ್ಟ ಬಿರುಕನ್ನು ತುಂಬಿದ್ದು ಪರಿಸರ ಕಾನೂನಲ್ಲ, ಮೋಟಾರು ವಾಹನ ಕಾನೂನು. 1988ರ ಕಾಯ್ದೆಯ 115ನೇ ಕಲಮು ಸಾರ್ವಜನಿಕ ಸುರಕ್ಷತೆ, ಅನುಕೂಲಗಳ ಕಾರಣಕ್ಕೆ ಒಂದು ರಸ್ತೆಯಲ್ಲಿ ವಾಹನ ಸಂಚಾರವನ್ನು ತಡೆಯಲು ಅವಕಾಶ ಕೊಡುತ್ತದೆ. ರಾಜ್ಯದ ನಿಯಮಗಳಡಿ ಆ ಅಧಿಕಾರ ಜಿಲ್ಲಾಧಿಕಾರಿಗೆ ಬರುತ್ತದೆ. ಜಾತ್ರೆ, ಸೇತುವೆ ದುರಸ್ತಿ, ಮೆರವಣಿಗೆಗಳಿಗೆ ಬಳಕೆಯಾಗುತ್ತಿದ್ದ ಈ ಅಧಿಕಾರವನ್ನು 2008ರಲ್ಲಿ ಮೈಸೂರು ಜಿಲ್ಲಾಡಳಿತ ಮಾನಂದವಾಡಿ ರಸ್ತೆಗೆ ಅನ್ವಯಿಸಿತು. ಸಂಜೆ ಆರರಿಂದ ಬೆಳಗಿನ ಆರರವರೆಗೆ ಕಾಡಿನೊಳಗಿನ ದಾರಿಗೆ ಗೇಟು ಬಿತ್ತು. ಮರದ ಲೆಕ್ಕಕ್ಕೆಂದು ಹುಟ್ಟಿದ್ದ ಚೌಕಿಗೆ ಈಗ ಹೊತ್ತಿನ ಲೆಕ್ಕ ಬಂತು. ಐದೂಮುಕ್ಕಾಲಿಗೆ ಬಾವಲಿ ತಲುಪಿದ ಚಾಲಕ ಗೇರು ಬದಲಿಸಿ ಮುಂದೆ ಹೋಗುತ್ತಾನೆ. ಆರೂಕಾಲಿಗೆ ಬಂದವನು ಗೇಟಿನ ಪಕ್ಕ ಲಾರಿ ಒತ್ತರಿಸಿ, ಕ್ಲೀನರ್ ಜೊತೆ ಸ್ಟೌ ಹಚ್ಚಿ ಅನ್ನಕ್ಕಿಡುತ್ತಾನೆ. ತರಕಾರಿ ಬಾಡುವುದು, ಬಾಡಿಗೆ ಕಡಿತವಾಗುವುದು ಅವನ ಪಾಲಿನ ನಷ್ಟ. ಆ ನಷ್ಟವನ್ನು ಯಾವ ಆದೇಶವೂ ಬರೆದುಕೊಂಡಿಲ್ಲ.

ಇದೇ ರಸ್ತೆಯ ಒಂದು ತುಂಡನ್ನು ಸಾಮಾನ್ಯ ಸಂಚಾರಕ್ಕೆ ಮುಚ್ಚಿದ್ದರಿಂದ ವಿಜ್ಞಾನಿಗಳಿಗೆ ಒಂದು ಒಳ್ಳೆಯ ಹೋಲಿಕೆ ಸಿಕ್ಕಿತು. ಸಂಜಯ್ ಗುಬ್ಬಿ, ಎಚ್.ಸಿ. ಪೂರ್ಣೇಶ ಮತ್ತು ಎಂ.ಡಿ. ಮಧುಸೂದನ್ ಲಾರಿ ಓಡುವ ತುಂಡಿನಲ್ಲೂ ಓಡದ ತುಂಡಿನಲ್ಲೂ ಕ್ಯಾಮೆರಾ ಕಟ್ಟಿ ನೋಡಿ, 2012ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಜಿಂಕೆ, ಕಾಟಿ, ಆನೆಗಳು ಸಂಚಾರ ಹೆಚ್ಚಿರುವ ರಸ್ತೆಯಂಚಿನಲ್ಲಿ ಕಾಣಿಸಿಕೊಂಡದ್ದು ಕಡಿಮೆ. ಸಾಮಾನ್ಯವಾಗಿ ಅಧ್ಯಯನ ಮೊದಲು, ಅನುಮತಿ ಆಮೇಲೆ. ಇಲ್ಲಿ ಆದೇಶ ಮೊದಲು ಬಂದು ಅದಕ್ಕೆ ಆಧಾರ ಆಮೇಲೆ ಸಿಕ್ಕಿತು.

ಕೋಟೆಯ ಗೇಟು ಹೆಚ್ಚು ಗದ್ದಲವಿಲ್ಲದೆ ಬಿದ್ದಿತ್ತು. ಬಂಡೀಪುರದಲ್ಲಿ ಹಾಗಾಗಲಿಲ್ಲ. 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಡಳಿತ ಗುಂಡ್ಲುಪೇಟೆಯಿಂದ ಸುಲ್ತಾನ್ ಬತೇರಿಗೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧಿಸಿ, ಒತ್ತಡ ಬಂದ ಕೂಡಲೇ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಹೈಕೋರ್ಟ್ ಜುಲೈನಲ್ಲಿ ನಿಷೇಧವನ್ನು ಮತ್ತೆ ಜಾರಿಗೆ ತಂದು, 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸ್‌ಗಳಿಗೆ, ಬೆರಳೆಣಿಕೆಯ ಸರ್ಕಾರಿ ಬಸ್‌ಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಕೇರಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ರಾತ್ರಿ ಲಾರಿಗಳಿಗೆ ಇನ್ನೊಂದು ದಾರಿ ತೋರಿಸಲೇಬೇಕಿತ್ತು. ಕರ್ನಾಟಕ ಬೆರಳು ತೋರಿದ್ದು ಹುಣಸೂರಿನ ಕಡೆಗೆ. ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮೂಲಕ ಮಾನಂದವಾಡಿ ಸೇರುವ ಈ ದಾರಿ ಸುಮಾರು 30 ಕಿ.ಮೀ. ಹೆಚ್ಚು ಸುತ್ತು. ರಾಜ್ಯ ಸರ್ಕಾರ ಕೋಟಿಗಟ್ಟಲೆ ಹಣ ಹಾಕಿ ರಸ್ತೆ ಸರಿಪಡಿಸಿತು. ಬಂಡೀಪುರದ ನೆಮ್ಮದಿಯ ಬೆಲೆಯಲ್ಲಿ ಒಂದು ಪಾಲು ಹೀಗೆ ಹುಣಸೂರು–ಪಿರಿಯಾಪಟ್ಟಣ ಸೀಮೆಗೆ ವರ್ಗವಾಯಿತು. ಏಕೆಂದರೆ ಬದಲಿ ದಾರಿಯೂ ಕಾಡು ತಪ್ಪಿದ್ದಲ್ಲ. ಆನೆಚೌಕೂರು ಗೇಟಿನಿಂದ ತಿತಿಮತಿಯವರೆಗೆ ಅದು ನಾಗರಹೊಳೆಯ ಅಂಚನ್ನೇ ಸೀಳಿಕೊಂಡು ಮತ್ತಿಗೋಡು ಆನೆ ಶಿಬಿರದ ಎದುರಿಗೇ ಹೋಗುತ್ತದೆ. 2018ರ ಅಕ್ಟೋಬರ್‌ನ ಒಂದು ನಸುಕಿನಲ್ಲಿ, ಕಣ್ಣೂರಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಬಸ್ಸು ಮತ್ತಿಗೋಡಿನ ಬಳಿ ‘ರೌಡಿ ರಂಗ’ ಎಂಬ ಸಾಕಾನೆಗೆ ಗುದ್ದಿ ಅದು ಸತ್ತಿತು. ಬನ್ನೇರುಘಟ್ಟದ ಕಡೆ ಪುಂಡಾಟ ಮಾಡುತ್ತಿದ್ದ ಈ ಸಲಗವನ್ನು ಹಿಡಿದು ಪಳಗಿಸಿ, ದಸರಾಕ್ಕೆ ಅಣಿಗೊಳಿಸುವ ಮಾತೂ ನಡೆದಿತ್ತು. ಆ ರಾತ್ರಿ ಬಸ್ಸು ಯಾವ ನಿಷೇಧವನ್ನೂ ಮುರಿದಿರಲಿಲ್ಲ. ಅದು ತೆರೆದಿಟ್ಟ ದಾರಿಯಲ್ಲೇ ಬಂದಿತ್ತು.

ಬಂಡೀಪುರದಲ್ಲಿ ಅಲ್ಲಲ್ಲಿ ಎತ್ತರಿಸಿದ ರಸ್ತೆ ಕಟ್ಟಿ ಅದರಡಿ ಪ್ರಾಣಿಗಳಿಗೆ ದಾರಿ ಬಿಡುವ ಪ್ರಸ್ತಾವವನ್ನು 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮುಂದಿಟ್ಟಿತು. ಕಟ್ಟುವ ವರ್ಷಗಳಲ್ಲೇ ಕಾಡು ಹಾಳಾಗುತ್ತದೆಂದು ಸಂರಕ್ಷಣಾವಾದಿಗಳು ವಿರೋಧಿಸಿದರು. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಗೋಣಿಕೊಪ್ಪದ ಮೂಲಕ ಹೋಗುವ ಹುಣಸೂರು–ಕುಟ್ಟ ಬದಲಿ ದಾರಿಯನ್ನೇ ರಾಷ್ಟ್ರೀಯ ಹೆದ್ದಾರಿ ಮಾಡಿ ಬಂಡೀಪುರದ ರಸ್ತೆಯನ್ನು ಹಗಲೂ ಮುಚ್ಚಬಹುದೇ ಎಂದು ಕೇಂದ್ರವನ್ನು ಕೇಳಿತು. ಸುಲ್ತಾನ್ ಬತೇರಿಯಲ್ಲಿ ಉಪವಾಸ ಸತ್ಯಾಗ್ರಹ ಆರಂಭವಾಯಿತು, ಅಕ್ಟೋಬರ್‌ನಲ್ಲಿ ವಯನಾಡಿನ ಸಂಸದ ರಾಹುಲ್ ಗಾಂಧಿ ಅಲ್ಲಿಗೆ ಬಂದರು. ಹುಣಸೂರು, ಪಿರಿಯಾಪಟ್ಟಣಗಳಿಗೆ ಆ ಪ್ರಶ್ನೆಯ ಅರ್ಥ ಬೇರೆಯೇ. ತಮ್ಮ ರಸ್ತೆ ಹೆದ್ದಾರಿಯಾದರೆ ಅಗಲ ಮಾಡಬೇಕು, ಅಗಲ ಮಾಡುವುದಾದರೆ ಅರಣ್ಯ ಒಪ್ಪಿಗೆ, ವನ್ಯಜೀವಿ ಮಂಡಳಿಯ ಪರಿಶೀಲನೆಗಳ ಬಾಗಿಲು ತಟ್ಟಬೇಕು. ಮಾನಂದವಾಡಿ ರಸ್ತೆಗೆ ಎಂದೂ ಬಾರದ ಪರಿಶೀಲನೆ ಗೋಣಿಕೊಪ್ಪ ರಸ್ತೆಗೆ ಬರುವುದಾದರೆ ಆ ಬಾಗಿಲಿನಿಂದ ಮಾತ್ರ.