ಬೀಗವಿಲ್ಲದ ಹಾಡು

ಕಾಲಾ ಘೋಡಾದ ರಿದಮ್ ಹೌಸ್ ನೆನಪಿದೆಯೇ? ಅಲ್ಲಿ ಕೊಂಡ ಕ್ಯಾಸೆಟ್ಟು ಮಾಟುಂಗದ ಮನೆಯಲ್ಲೂ ಹಾಡುತ್ತಿತ್ತು, ರಜೆಗೆ ಊರಿಗೊಯ್ದರೆ ಉಡುಪಿಯಲ್ಲೂ ಹಾಡುತ್ತಿತ್ತು.

ಇಂಟರ್ನೆಟ್ಟಿನಲ್ಲಿ ಹಾಡಿನ ಮಾರಾಟ ಶುರುವಾದಾಗ ಈ ಅನುಕೂಲ ತಪ್ಪಿತು. 2003ರಲ್ಲಿ ಅಮೆರಿಕದಲ್ಲಿ ತೆರೆದ ಆಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿ, ನಕಲು ತಡೆಯಲೆಂದು ಹಾಡುಗಳಿಗೆ ಬೀಗ ಹಾಕಿತ್ತು. ಕಂಪನಿ ಒಪ್ಪಿದ ಯಂತ್ರಗಳಲ್ಲಷ್ಟೇ ಅವು ಹಾಡುತ್ತಿದ್ದವು. 2007ರಲ್ಲಿ ಇಎಂಐ ಸಂಸ್ಥೆ ಬೀಗ ತೆಗೆಯಲು ಒಪ್ಪಿತು. 2009ರಲ್ಲಿ ಉಳಿದ ದೊಡ್ಡ ಸಂಸ್ಥೆಗಳೂ ಅದೇ ದಾರಿ ಹಿಡಿದವು.

ನಮ್ಮ ದೇಶದಲ್ಲಿ, 2012ರ ಫೆಬ್ರವರಿಯಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ 'ಫ್ಲೈಟ್' ಎಂಬ ಹಾಡಿನಂಗಡಿ ತೆರೆಯಿತು. ಅಲ್ಲಿನದು ಬೀಗವಿಲ್ಲದ ಎಂಪಿತ್ರೀ. ಆದರೆ ಪುಕ್ಕಟೆ ಹಾಡುಗಳೆದುರು ವ್ಯಾಪಾರ ಕುದುರಲಿಲ್ಲ. 2013ರ ಜೂನ್‌ನಲ್ಲಿ ಅದು ಮುಚ್ಚಿತು. 2016ರಲ್ಲಿ ರಿದಮ್ ಹೌಸ್ ಕೂಡ ಬಾಗಿಲು ಹಾಕಿತು.

ಅಂಗಡಿ ಹೋದರೂ, ಅಲ್ಲಿ ಕೊಂಡು ಇಳಿಸಿಟ್ಟ ಹಾಡು ಇಂದಿಗೂ ಹಾಡುತ್ತದೆ. ಈಗ ತಿಂಗಳ ಚಂದಾ ಕಟ್ಟಿ ಕೇಳುವ ಹಾಡು ಹಾಗಲ್ಲ. ಚಂದಾ ನಿಂತರೆ, ಫೋನಿನಲ್ಲಿ ಉಳಿಸಿಟ್ಟದ್ದೂ ಮೌನ. ಅದು ಬಾಡಿಗೆ ಮನೆ, ಇದು ಸ್ವಂತ ಮನೆ. ಈ ವ್ಯತ್ಯಾಸವನ್ನು ಮುಂಬಯಿಯವರಿಗೆ ಬಿಡಿಸಿ ಹೇಳಬೇಕೇ?

ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ ಒಮ್ಮೆ ಹುಡುಕಿ ನೋಡಿ. ನೀವು ಕೊಂಡ ಹಾಡು ಅಲ್ಲೇ ಇದ್ದೀತು.