ಧಾರವಾಡ ಕೇಂದ್ರದ ಮಾತು, ಅಕ್ಕಲಕೋಟದ ಕಿವಿ

ಅಪ್ಪ ತೀರಿಕೊಂಡ ಮೇಲೆ ಹೊಲದ ವಾರಸಾ ಹಚ್ಚಬೇಕಾಗಿ ಮನೆಯ ಹಳೆಯ ಟ್ರಂಕು ತೆಗೆದೆ. ಸಾತಬಾರಾ ಉತಾರಗಳ ಕೆಳಗೆ, ಕೆಂಪು ಅರಿವೆಯಲ್ಲಿ ಸುತ್ತಿಟ್ಟ ಸಣ್ಣದೊಂದು ಪುಸ್ತಕ ಸಿಕ್ಕಿತು. ಪಾಸ್‌ಬುಕ್ ಇರಬೇಕೆಂದುಕೊಂಡೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕುಳಿತು ನನಗೆ ಎಲ್ಲವೂ ಪಾಸ್‌ಬುಕ್ಕಿನಂತೆಯೇ ಕಾಣುತ್ತದೆ. ಬಿಚ್ಚಿ ನೋಡಿದರೆ ಅದು ನಮ್ಮ ಮುತ್ಯಾನ ರೇಡಿಯೋ ಲೈಸೆನ್ಸು. ಮೊದಲ ಮುದ್ರೆ 1967ರದು. ಆಗ ರೇಡಿಯೋ ಇಟ್ಟುಕೊಳ್ಳುವವರು ವರ್ಷವರ್ಷವೂ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. 1980ರ ದಶಕದ ನಡುವೆ ಆ ಪದ್ಧತಿ ನಿಂತಿತು. ಮುಂದಿನ ಖಾಲಿ ಹಾಳೆಗಳಲ್ಲಿ ಮುತ್ಯಾ ತನ್ನ ಲೆಕ್ಕಪತ್ರ ಬರೆದಿಟ್ಟಿದ್ದ.

ನಮ್ಮ ಊರು ಅಕ್ಕಲಕೋಟ ತಾಲೂಕಿನಲ್ಲಿ, ದುಧನಿ ಸ್ಟೇಶನ್ನಿನಿಂದ ಒಳಗೆ. ನೌಕರಿ ಸೊಲ್ಲಾಪುರದಲ್ಲಿ. ಚಂದ್ರಗಿರಿ ಹೊಳೆಯ ಆಚೀಚೆಯ ಓದುಗರಿಗೆ ನಮ್ಮ ಸೀಮೆಯ ಪರಿಚಯ ಹೆಚ್ಚು ಇರಲಿಕ್ಕಿಲ್ಲ. ಆದರೆ ನಿಮ್ಮನ್ನೂ ನಮ್ಮನ್ನೂ ಒಂದೇ ಹೊತ್ತಗೆ ಒಟ್ಟುಗೂಡಿಸಿತ್ತು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಒಪ್ಪಿಸಿದ ಮಹಾಜನ ಆಯೋಗವು ಅಕ್ಕಲಕೋಟ ತಾಲೂಕನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಚಂದ್ರಗಿರಿಯ ಉತ್ತರಕ್ಕಿರುವ ಕಾಸರಗೋಡಿನ ಭಾಗವನ್ನೂ ಸೇರಿಸಬೇಕೆಂದಿತು. ಎರಡೂ ಆಗಲಿಲ್ಲ. ಮುತ್ಯಾ ರೇಡಿಯೋ ಕೊಂಡದ್ದು ಅದೇ ವರ್ಷ. ತೊಗರಿ ಮಾರಿದ ದುಡ್ಡು ಕೈಯಲ್ಲಿತ್ತೆಂದು ಕೊಂಡನೋ, ಆಯೋಗದ ಸುದ್ದಿ ಕೇಳಲಿಕ್ಕೆಂದು ಕೊಂಡನೋ, ಕೇಳಿ ತಿಳಿಯಲು ಈಗ ಯಾರೂ ಇಲ್ಲ.

ರೇಡಿಯೋದ ಗಡಿ ಬೇರೆಯೇ. ಧಾರವಾಡ ನಮಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 260 ಕಿಲೋಮೀಟರು. ಮಧ್ಯಮ ತರಂಗವು ಹಗಲಿನಲ್ಲಿ ನೆಲ ಹಿಡಿದು ಬರುತ್ತದೆ, ದೂರ ಹೋದಂತೆ ಸೊರಗುತ್ತದೆ. ಹೊತ್ತು ಮುಳುಗಿದ ಮೇಲೆ ಮೇಲಿನ ವಾಯುಮಂಡಲಕ್ಕೆ ತಾಗಿ ಹಿಂದಿರುಗುವುದರಿಂದ ದೂರದ ಕೇಂದ್ರವೂ ಕೇಳಿಸುತ್ತದೆ; ನಡುನಡುವೆ ತೆರೆಯಂತೆ ಏಳುತ್ತದೆ, ಬೀಳುತ್ತದೆ. ಆದ್ದರಿಂದ ಧಾರವಾಡ ನಮ್ಮ ಮನೆಗೆ ರಾತ್ರಿಯ ನೆಂಟ. 1966ರಲ್ಲಿ ಗುಲಬರ್ಗಾ ಕೇಂದ್ರ ಆರಂಭವಾದ ಮೇಲೆ ಹಗಲಿನಲ್ಲೂ ಕನ್ನಡ ದೊರೆಯಿತು. ಅದು ಅಕ್ಕಲಕೋಟಕ್ಕೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ನಿಮಗೆ ಮಂಗಳೂರು ಕೇಂದ್ರ ಬಂದದ್ದು 1976ರಲ್ಲಿ. ಅದಕ್ಕೆ ಮುಂಚೆ ನಿಮ್ಮ ಮನೆಗಳಲ್ಲಿ ಯಾವ ಊರಿನ ಕನ್ನಡ ಕೇಳುತ್ತಿತ್ತೆಂದು ನಿಮ್ಮ ಹಿರಿಯರನ್ನು ಕೇಳಿ ನೋಡಿ. ಸೊಲ್ಲಾಪುರದಲ್ಲೂ ಆಕಾಶವಾಣಿ ಉಂಟು. ಅದರ ಮಾತು ಮುಖ್ಯವಾಗಿ ಮರಾಠಿ. ಅದು ಸಹಜವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಮರಾಠಿಯೂ ನಮ್ಮ ಪೇಟೆಯ ಭಾಷೆ, ಅರ್ಧ ಮನೆಯ ಭಾಷೆ.

ಧಾರವಾಡ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ದೆಹಲಿಯಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದವರು ಧಾರವಾಡದವರೇ ಆದ ಆರ್. ಆರ್. ದಿವಾಕರರು. ಅದೇ 1950ರಲ್ಲಿ ಸೊಲ್ಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಎಂ. ಆರ್. ಶ್ರೀನಿವಾಸಮೂರ್ತಿಗಳು ಅಧ್ಯಕ್ಷರು. ಈ ಎರಡು ಸಂಗತಿಗಳ ನಡುವೆ ಸೊಲ್ಲಾಪುರದಲ್ಲಿ ಒಬ್ಬ ವ್ಯಕ್ತಿಯಿದ್ದರು. ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ‘ನರಬಲಿ’ ಕವಿತೆಯ ದೆಸೆಯಿಂದ ಸೆರೆಮನೆ ಕಂಡು, ಬಹುಕಾಲ ನೆಲೆಯಾದ ನೌಕರಿಯಿಲ್ಲದೆ ಅಲೆದ ಕವಿಗೆ ಹನ್ನೆರಡು ವರ್ಷ ಅನ್ನ ಕೊಟ್ಟ ಊರು ಇದು. ಇಲ್ಲಿಂದ ನಿವೃತ್ತರಾದ ಮೇಲೆ 1956ರಲ್ಲಿ ಅವರು ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿ ಹೋದರು. ಅದೇ ವರ್ಷ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ರೂಪುಗೊಂಡವು: ಕಾಸರಗೋಡು ಕೇರಳಕ್ಕೆ ಹೋಯಿತು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಸೊಲ್ಲಾಪುರದ ಕನ್ನಡಿಗರು ತಮ್ಮ ಮೇಷ್ಟ್ರನ್ನು ಕಳೆದುಕೊಂಡರು, ಆದರೆ ಅವರು ಹೋದ ಕಡೆಯ ಧ್ವನಿಯನ್ನು ರಾತ್ರಿ ಹೊತ್ತು ಕೇಳಬಹುದಾಗಿತ್ತು.

ಅಂದಿನ ರೇಡಿಯೋ ಮಾತು ಇಂದಿನಂತಲ್ಲ. ಮಾತನಾಡುವವರು ಮೊದಲೇ ಬರೆದು ಕಳಿಸಬೇಕು. ಕೇಂದ್ರದವರು ಓದಿ, ಬೇಡವಾದದ್ದನ್ನು ತೆಗೆದು, ಒಪ್ಪಿಗೆ ಕೊಡಬೇಕು. ಆಮೇಲೆ ಗಡಿಯಾರ ನೋಡಿಕೊಂಡು ಓದಬೇಕು. ಇಬ್ಬರ ಸಂವಾದವಾದರೂ ಪ್ರಶ್ನೆ ಉತ್ತರ ಎರಡೂ ಕಾಗದದ ಮೇಲೆಯೇ. ಧ್ವನಿಸುರುಳಿಯ ಯಂತ್ರ ಬಳಕೆಗೆ ಬಂದಂತೆ ಈ ಬಿಗಿ ಸಡಿಲವಾಯಿತು, ಸಂದರ್ಶನವೆಂಬುದು ನಿಜವಾಗಿ ಸಂದರ್ಶನವಾಯಿತು. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹೊಲದ ಬದುವಿನವರೆಗೂ ಹೋಗಬಹುದಾಯಿತು. ಧಾರವಾಡದ ಪುಣ್ಯವೆಂದರೆ ಅಲ್ಲಿ ನಾಟಕಕ್ಕೆ, ನಗೆಗೆ ಎನ್ಕೆ ಕುಲಕರ್ಣಿಯವರಂಥವರಿದ್ದರು, ಸಂಗೀತಕ್ಕೆ ಮಲ್ಲಿಕಾರ್ಜುನ ಮನಸೂರರು ಸಲಹೆಗಾರರಾಗಿದ್ದರು. ಕಾಗದ ನೋಡದೆ ಮಾತನಾಡಬಲ್ಲವರ ಊರು ಅದು. ಬೇಂದ್ರೆಯವರ ಮನೆಮಾತು ಮರಾಠಿ; ಅವರ ಮರಾಠಿ ಪುಸ್ತಕವೊಂದರ ಹೆಸರೇ ‘ಸಂವಾದ’. 1965ರಲ್ಲಿ ಅದಕ್ಕೆ ಕೇಳಕರ ಬಹುಮಾನ ಬಂತು. ಎರಡು ಭಾಷೆಯ ನಡುವೆ ನಿಂತವನು ಮಾತನಾಡದೆ ಇರಲಾರನೆಂದು ನನಗೆ ಅನ್ನಿಸುತ್ತದೆ. ಹಾಗೆ ನೋಡಿದರೆ ಕೇಳುವ, ಹೇಳುವ ಈ ಪ್ರಕಾರ ಸೊಲ್ಲಾಪುರಕ್ಕೆ ರೇಡಿಯೋದಿಂದ ಬಂದದ್ದೇನೂ ಅಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭು ಬಂದು ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಮಾತಿಗೆಳೆಯುವುದು ಇದೇ ಸೊನ್ನಲಿಗೆಯಲ್ಲಿ. ಪ್ರಶ್ನೆ ಕೇಳಿದವನು ಬರಿಗೈಯಲ್ಲಿ ಹೋಗಲಿಲ್ಲ, ಉತ್ತರ ಕೊಟ್ಟವನನ್ನೇ ಕಲ್ಯಾಣಕ್ಕೆ ಕರೆದುಕೊಂಡು ಹೋದ!

ಇಷ್ಟು ಪೀಠಿಕೆ ಹಾಕಿದ್ದು ಮುತ್ಯಾನ ಸಂದರ್ಶನದ ವಿಷಯ ಹೇಳಲಿಕ್ಕೆ.

1988ರ ಚಳಿಗಾಲ. ನಾನು ಎರಡನೆಯ ಇಯತ್ತೆಯಲ್ಲಿದ್ದೆ. ರೇಡಿಯೋದವರು ಇಬ್ಬರು ಜೀಪಿನಲ್ಲಿ ಊರಿಗೆ ಬಂದರು. ಯಾವ ಕೇಂದ್ರದವರೆಂಬುದು ಇಲ್ಲಿ ಬೇಡ. ಬಂದದ್ದು ಜೋಳದ ಬಗ್ಗೆ ರೈತರನ್ನು ಮಾತನಾಡಿಸಲು. ನಮ್ಮ ಕಡೆ ಹಿಂಗಾರಿಗೆ ಬಿತ್ತುವುದು ಮಾಲದಂಡಿ. ಇದೇ ಜಿಲ್ಲೆಯ ಮೋಹೋಳದಲ್ಲಿ ಆರಿಸಿ ಬೆಳೆಸಿದ ಎಂ 35-1 ಎಂಬ ತಳಿ ದಖ್ಖನ್ನಿನ ಕಪ್ಪುಮಣ್ಣಿಗೆಲ್ಲ ಹರಡಿದೆ. ಊರವರೆಲ್ಲ ಮುತ್ಯಾನನ್ನು ಮುಂದೆ ಮಾಡಿದರು. ಬೇವಿನ ಕಟ್ಟೆಯ ಮೇಲೆ ಯಂತ್ರ ಇಟ್ಟರು. “ನಿಮ್ಮ ಹೆಸರೇನ್ರೀ ಅಜ್ಜಾರ?” ಎಂದು ಅವರು ಕೇಳಿದರೆ, “ಮೊದಲ ನಿಮ್ಮ ಊರು ಯಾವುದು ಹೇಳ್ರಿ, ಚಾ ಕುಡೀರಿ, ಆಮ್ಯಾಲೆ ನನ್ನ ಹೆಸರ” ಎಂದ ಮುತ್ಯಾ. ಎಲ್ಲರೂ ನಕ್ಕರು.

ಮುತ್ಯಾ ಜೋಳದ ಬಗ್ಗೆ ಹೇಳಿದ. ತೆನೆ ಹೇಗೆ ಬಾಗುತ್ತದೆ, ಕಣಿಕೆ ದನಕ್ಕೆ ಯಾಕೆ ರುಚಿ, ಸೀತನಿ ತಿನ್ನಲು ಯಾವ ಹಾಲುಕಾಳು ಬೇಕು ಎಲ್ಲವನ್ನೂ. “ಮತ್ತೇನಾದ್ರೂ ಹೇಳೂದೈತೇನ್ರಿ?” ಎಂದು ಅವರು ಮರ್ಯಾದೆಗಾಗಿ ಕೇಳಿದರು. ಮುತ್ಯಾ ಅದನ್ನೇ ಕಾಯುತ್ತಿದ್ದ. “ಐತ್ರಿ. ನಮ್ಮೂರ ಕನ್ನಡ ಸಾಲ್ಯಾಗ ಎರಡ ವರ್ಷಾತು ಮಾಸ್ತರ ಇಲ್ಲ. ಹುಡುಗರು ಬರೇ ಆಡಿ ಬರ್ತಾವ. ಮರಾಠಿ ಸಾಲಿಗೆ ಹಾಕ್ರಿ ಅಂತಾರ. ಹಾಕೂಣು, ಮರಾಠೀನೂ ಕಲೀಲಿ. ಆದರ ನಾ ಸತ್ತಾಗ ನನ್ನ ಮಮ್ಮಗ ಯಾವ ಭಾಷಾದಾಗ ಅಳಬೇಕು?” ಕಟ್ಟೆಯ ಮೇಲಿನ ಗದ್ದಲ ಒಮ್ಮೆಲೇ ನಿಂತಿತು. ಆ ಮಮ್ಮಗ ನಾನೇ, ಪಕ್ಕದಲ್ಲಿ ಕುಳಿತು ಯಂತ್ರದ ಸುರುಳಿ ತಿರುಗುವುದನ್ನು ನೋಡುತ್ತಿದ್ದೆ.

ಹದಿನೈದು ದಿನಗಳ ನಂತರ ಪ್ರಸಾರ. ಸೆಲ್ಲು ಹೊಸದಾಗಿ ಹಾಕಿಸಿ, ಅಂಗಳದಲ್ಲಿ ಕಂಬಳಿ ಹಾಸಿ, ಓಣಿಯೆಲ್ಲ ಕೂತಿತು. ಮುತ್ಯಾನ ಧ್ವನಿ ಬಂತು. ಮನೆಯೊಳಗಿನದಕ್ಕಿಂತ ತೆಳ್ಳಗೆ, ಬೇರೆ ಯಾರದೋ ಎಂಬಂತೆ. ಜೋಳ ಬಂತು, ಕಣಿಕೆ ಬಂತು, ಸೀತನಿಯೂ ಬಂತು. ಬಳಿಕ ವಾದ್ಯಸಂಗೀತ ಬಂತು. ಸಾಲಿಯ ಮಾತು ಬರಲಿಲ್ಲ. ಚಾದ ಮಾತೂ ಇರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಮುತ್ಯಾನೇ, “ಜ್ವಾಳದ ಕಾರ್ಯಕ್ರಮ, ಜ್ವಾಳದ್ದ ಹಾಕ್ಯಾರ” ಎಂದು ಎದ್ದು ಎತ್ತಿಗೆ ನೀರು ಕುಡಿಸಲು ಹೋದ.

ನೌಕರಿ ಸೇರಿದ ಮೇಲೆ ಒಂದು ರಜೆಯ ದಿನ ಆ ಧ್ವನಿಸುರುಳಿ ಸಿಕ್ಕೀತೇ ಎಂದು ಕೇಳಿಕೊಂಡು ಹೋಗಿದ್ದೆ. ಅಲ್ಲಿಯ ಹಿರಿಯರೊಬ್ಬರು ಕೂಡಿಸಿ, ಸಮಾಧಾನದಿಂದ ಹೇಳಿದರು: ಸುರುಳಿಗೆ ಬೆಲೆ ಜಾಸ್ತಿ, ಪ್ರಸಾರವಾದ ಮೇಲೆ ಅಳಿಸಿ ಅದರ ಮೇಲೆಯೇ ಮತ್ತೊಂದು ಧ್ವನಿಮುದ್ರಿಸುತ್ತಿದ್ದರು, ದೊಡ್ಡವರದಷ್ಟೇ ಉಳಿಸಿಕೊಳ್ಳುತ್ತಿದ್ದರು. ಸಿಟ್ಟು ಬಂತು ನಿಜ. ಆದರೆ ನಾನೂ ಬ್ಯಾಂಕಿನವನು. ಅವಧಿ ಮುಗಿದ ವೋಚರುಗಳ, ಲೆಡ್ಜರುಗಳ ಯಾದಿ ಮಾಡಿ, ನಾಶಮಾಡಲು ಕಳಿಸಿ, ಕೆಳಗೆ ಸಹಿ ಮಾಡಿದವನು. ಆ ಲೆಡ್ಜರುಗಳಲ್ಲಿ ಎಷ್ಟು ಮುದುಕಿಯರ ಹೆಬ್ಬೆಟ್ಟು ಇದ್ದವೋ.

ಈಗ ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪು ಹಾಕಿಕೊಂಡರೆ ಸೊಲ್ಲಾಪುರದಲ್ಲಿ ಕುಳಿತು ಧಾರವಾಡವನ್ನೂ ಮಂಗಳೂರನ್ನೂ ಹಗಲಲ್ಲೇ ಸ್ವಚ್ಛವಾಗಿ ಕೇಳಬಹುದು. ನನ್ನ ಮಗಳು ಇಂಗ್ಲಿಷ್ ಶಾಲೆಯಲ್ಲಿದ್ದಾಳೆ. ಅಜ್ಜಿಯೊಡನೆ ಕನ್ನಡ ಆಡುತ್ತಾಳೆ, ಓದಲು ಬಾರದು. ಆ ತಪ್ಪಿಗೆ ಯಾವ ಸರಕಾರವನ್ನೂ ಬೈಯುವಂತಿಲ್ಲ, ಫೀ ಕಟ್ಟಿದವನು ನಾನು. ಲೈಸೆನ್ಸಿನ ಪುಸ್ತಕ ಕಂಡು ಅವಳಿಗೆ ಕುತೂಹಲ. ಮುತ್ಯಾನ ಕೈಬರಹವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿಸುತ್ತಿದ್ದೇನೆ. ಬಿತ್ತಿಗೆಯ ಲೆಕ್ಕ, ಹಮಾಲಿ, ಸಿದ್ಧರಾಮನ ಗಡ್ಡದ ಜಾತ್ರೆಯಲ್ಲಿ ಕೊಂಡ ಹಗ್ಗದ ಬೆಲೆ ಮುಗಿದು, ಮೊನ್ನೆ ರವಿವಾರ ಆ ಪ್ರಸಾರದ ದಿನದ ಹಾಳೆಗೆ ಬಂದೆವು. ಅಲ್ಲಿ ಎರಡೇ ಸಾಲು. ಬೆರಳಿಟ್ಟು ಅವಳೇ ಓದಿದಳು:

“ಸೆಲ್ಲು ಎರಡು ತಂದದ್ದು. ಇಂದು ರೇಡಿಯೋದಲ್ಲಿ ನನ್ನ ಮಾತು ಬಂತು, ಅರ್ಧ.”