ಮಧುಮೇಹ ಮತ್ತು ಮಾತಿನ ಸಂಕೋಚ

ರೋಗಗಳಿಗೆ ಮನುಷ್ಯ ಇಟ್ಟ ಹೆಸರುಗಳಲ್ಲಿ ‘ಮಧುಮೇಹ’ದಷ್ಟು ಇಂಪಾದುದು ಮತ್ತೊಂದಿರಲಾರದು. ಮಧುವೆಂದರೆ ಜೇನು, ಮೇಹವೆಂದರೆ ಮೂತ್ರ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಕಂಡಿದ್ದರು. ‘ಡಯಾಬಿಟಿಸ್ ಮೆಲಿಟಸ್’ ಎಂಬ ಪಾಶ್ಚಾತ್ಯ ಹೆಸರಿನಲ್ಲಿಯೂ ಎರಡನೆಯ ಪದಕ್ಕೆ ಜೇನಿನಂತೆ ಸವಿಯಾದುದು ಎಂದೇ ಅರ್ಥ. ಹೆಸರಿನಲ್ಲಿ ಇಷ್ಟು ಸವಿಯುಳ್ಳ ಈ ವ್ಯಾಧಿ ದಾಂಪತ್ಯದಲ್ಲಿ ಬೆರೆಸುವ ಕಹಿಯನ್ನು ಕುರಿತು ಮಾತ್ರ ಲೋಕ ಬಹುಕಾಲ ಬಾಯಿಬಿಡಲಿಲ್ಲ. ನಾನು ವೈದ್ಯನಲ್ಲ, ಭಾಷೆಯ ಪಾಠ ಹೇಳಿದವನು. ಆದಕಾರಣ ಈ ಮೌನದ ಚರಿತ್ರೆಯನ್ನು ಪದಗಳ ಕಡೆಯಿಂದ ನೋಡಬಯಸುತ್ತೇನೆ.

ವೈದ್ಯರಿಗೆ ವಿಷಯ ತಿಳಿದಿರಲಿಲ್ಲವೆಂದಲ್ಲ. ಇಬ್ನ್ ಸೀನಾ (980–1037) ಮಧುಮೇಹಿಗಳಲ್ಲಿ ಕಾಮಶಕ್ತಿ ಕುಸಿಯುವುದನ್ನು ಗುರುತಿಸಿದ್ದನು. 1798ರಲ್ಲಿ ಬ್ರಿಟಿಷ್ ಸೈನ್ಯದ ವೈದ್ಯ ಜಾನ್ ರೋಲೊ ಅದನ್ನೇ ಹೇಳಿದನು. ಆದರೆ ಪ್ರಾಣವೇ ಉಳಿಯುವುದು ದುರ್ಲಭವಾಗಿದ್ದಾಗ ಸುಖದ ವಿಚಾರ ಕೇಳುವವರಾರು? 1922ರ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಟ್ಟಂದಿನಿಂದ ಕಾಲ ಬದಲಾಯಿತು. ಆಯುಷ್ಯ ದೊರೆಯಿತು; ಆ ಆಯುಷ್ಯವನ್ನು ಬಾಳುವ ಬಗೆ ಹೇಗೆಂಬ ಪ್ರಶ್ನೆ ಅದರ ಬೆನ್ನಿಗೇ ಬಂದಿತು.

1958ರಲ್ಲಿ ಅಮೆರಿಕದ ರೂಬಿನ್ ಮತ್ತು ಬ್ಯಾಬಟ್ 198 ಮಂದಿ ಮಧುಮೇಹಿ ಪುರುಷರನ್ನು ವಿಚಾರಿಸಿದರು. ಶೇಕಡ 55ರಷ್ಟು ಜನರಲ್ಲಿ ಈ ದೌರ್ಬಲ್ಯವಿತ್ತು. ಹೆಂಗಸರನ್ನು ಇದೇ ರೀತಿ ಕೇಳಿ ಕೋಲೋಡ್ನಿ ಎಂಬ ವೈದ್ಯ ಪ್ರಕಟಿಸಿದ್ದು 1971ರಲ್ಲಿ, ಹದಿಮೂರು ವರ್ಷಗಳ ತರುವಾಯ. ಅವರು ಕಂಡ 125 ಮಧುಮೇಹಿ ಸ್ತ್ರೀಯರಲ್ಲಿ ಶೇಕಡ 35ರಷ್ಟು ಮಂದಿಗೆ ಸಮಾಗಮದ ಪರಾಕಾಷ್ಠೆಯ ಅನುಭವವೇ ಇರಲಿಲ್ಲ. ರೋಗವಿಲ್ಲದ 100 ಮಂದಿಯಲ್ಲಿ ಹಾಗಿದ್ದವರು ಆರೇ ಜನ.

ಕಾರಣ ನಿಗೂಢವಲ್ಲ. ರಕ್ತದಲ್ಲಿ ಹೆಚ್ಚಿದ ಸಕ್ಕರೆ ಕಾಲಕ್ರಮದಲ್ಲಿ ನರಗಳನ್ನೂ ಸಣ್ಣ ರಕ್ತನಾಳಗಳನ್ನೂ ಕೆಡಿಸುತ್ತದೆ. ಕಣ್ಣಿಗೆ, ಪಾದಕ್ಕೆ ಆಗುವ ಹಾನಿಯೇ ಇಲ್ಲಿಯೂ ಆಗುವುದು. ಪಾದದ ಹುಣ್ಣನ್ನು ಯಾರೂ ಶೀಲದ ಕೊರತೆಯೆನ್ನುವುದಿಲ್ಲ. ಇದಕ್ಕಾದರೋ ನಮ್ಮಲ್ಲಿರುವ ಪದಗಳು ‘ಷಂಡ’, ‘ನಪುಂಸಕ’. ಇವು ರೋಗದ ಹೆಸರುಗಳಲ್ಲ, ಬೈಗುಳಗಳು. ಹೆಂಗಸಿಗೆ ‘ಬಂಜೆ’ಯೆಂಬ ಮಾತುಂಟು, ಅದು ಮಗುವಿನ ಲೆಕ್ಕ. ಅವಳ ಸುಖ ಬತ್ತಿದ್ದಕ್ಕೆ ಪದವೇ ಇಲ್ಲ. ಇಂಗ್ಲಿಷಿನವರೂ ‘ಇಂಪೊಟೆನ್ಸ್’, ಎಂದರೆ ಶಕ್ತಿಹೀನತೆ, ಎನ್ನುತ್ತಿದ್ದರು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಅದನ್ನು ಬಿಟ್ಟು, ‘ನಿಮಿರಿಕೆಯ ದೋಷ’ ಎಂಬರ್ಥದ ಪದವನ್ನು ಬಳಸಿರೆಂದಿತು. ಮನುಷ್ಯನ ಮೇಲಿದ್ದ ದೂರು ದೇಹದ ಒಂದು ಕ್ರಿಯೆಗೆ ಇಳಿಯಿತು.

1998ರಲ್ಲಿ ಸಿಲ್ಡೆನಾಫಿಲ್ ಗುಳಿಗೆ ಬಂದಿತು. ಅದು ಎಲ್ಲರಿಗೂ ಫಲಿಸದು. ಹೃದ್ರೋಗಕ್ಕೆ ನೈಟ್ರೇಟ್ ಔಷಧ ಸೇವಿಸುವವರಿಗೆ ಅಪಾಯವೂ ಹೌದು. ವೈದ್ಯರ ಮುಂದೆ ಬಾಯಿಬಿಡದೆ ಅಂಗಡಿಯಲ್ಲಿ ಕೊಂಡು ನುಂಗುವ ವಸ್ತುವಲ್ಲ.

ಗಂಡ ಹಾಸಿಗೆಯಲ್ಲಿ ಗೋಡೆಯ ಕಡೆಗೆ ಹೊರಳಿದರೆ, ತನ್ನ ಮೇಲೆ ಬೇಸರವಾಯಿತೆಂದು ಹೆಂಡತಿ ನೋಯುತ್ತಾಳೆ. ಗಂಡಸುತನ ಹೋಯಿತೆಂದು ಅವನು ಕುಗ್ಗುತ್ತಾನೆ. ಹೆಂಡತಿಯೇ ರೋಗಿಯಾದರೆ ಗಂಡ ಅವಳನ್ನು ಒಲವಿಲ್ಲದವಳೆನ್ನುತ್ತಾನೆ. ಸಕ್ಕರೆ ಮಾಡಿದ ತಪ್ಪಿಗೆ ಪ್ರೀತಿ ಶಿಕ್ಷೆ ಉಣ್ಣುತ್ತದೆ. ಸಕ್ಕರೆಯ ಪ್ರಮಾಣವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವ ನಾವು ಇದನ್ನೂ ವೈದ್ಯರಿಗೆ ಹೇಳುವಂತಾಗಲು, ಬೈಗುಳವಲ್ಲದ ಒಂದು ಪದವನ್ನು ಕನ್ನಡ ತನ್ನ ಗಂಡಸರಿಗೂ ಹೆಂಗಸರಿಗೂ ಕೊಡಬೇಕಾಗಿದೆ.